‘ಕಲಿಸಿದವರು’ ಎಂಬ ಕಾಲಂ

ಮದ್ದೂರಿನಾಚೆ ಹೆದ್ದಾರಿಯ ಪಕ್ಕದಲ್ಲಿರುವ ಆ ಗಾರ್ಮೆಂಟ್ಸಿನಲ್ಲಿ ಒಂಬೈನೂರು ಹೆಂಗಸರು ಷರ್ಟು ಹೊಲಿಯುತ್ತಾರೆ, ನಲವತ್ತು ಗಂಡಸರು ಅವರು ಹೊಲಿಯುವುದನ್ನು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವ ಕೆಲಸ ಹೊಲಿಯುವುದಕ್ಕಿಂತ ಬಹಳ ಕಷ್ಟದ್ದೆಂಬುದು ಸಂಬಳದ ಪಟ್ಟಿ ನೋಡಿದರೆ ತಿಳಿಯುತ್ತದೆ. ಈ ಎರಡೂ ಗುಂಪಿಗೆ ಸೇರದ ದೀಪಶ್ರೀ ಇರುವುದು ತರಬೇತಿ ವಿಭಾಗದಲ್ಲಿ. ಮೂವತ್ನಾಲ್ಕು ವರ್ಷ, ಊರು ಮಳವಳ್ಳಿ, ಓದಿದ್ದು ಬಿ.ಕಾಂ., ಹುದ್ದೆ ತರಬೇತಿ ಸಂಯೋಜಕಿ. ಹುದ್ದೆಯ ಹೆಸರು ಉದ್ದವಾದಷ್ಟೂ ಸಂಬಳ ಗಿಡ್ಡವಾಗುತ್ತದೆ ಎಂಬುದನ್ನು ಆಕೆ ಸೇರಿದ ತಿಂಗಳೇ ಕಂಡುಕೊಂಡಿದ್ದಳು.

ಹೊಸದಾಗಿ ಸೇರುವ ಹುಡುಗಿಯರಿಗೆ ಅಲ್ಲಿ ತೊಂಬತ್ತು ದಿನದ ತರಬೇತಿ. ಅದನ್ನು ದಾಖಲಿಸಲು ಬೆಂಗಳೂರಿನ ಕಚೇರಿಯವರು ಒಂದು ತಂತ್ರಾಂಶ ಮಾಡಿಸಿ ‘ಕೌಶಲ’ ಎಂದು ಹೆಸರಿಟ್ಟಿದ್ದರು. ಯಾವ ಹುಡುಗಿ ಯಾವ ವಿಡಿಯೊ ನೋಡಿದಳು, ಎಷ್ಟು ಪ್ರಶ್ನೆಗೆ ಸರಿಯುತ್ತರ ಒತ್ತಿದಳು, ಯಾವತ್ತು ರಜ ಹಾಕಿದಳು, ಎಲ್ಲವೂ ಅದರಲ್ಲಿ ಸಿಗುತ್ತಿತ್ತು. ಲೈನಿನ ಹೆಂಗಸರು ಮೊದಲ ದಿನವೇ ಅದನ್ನು ಕೌಸಲ್ಯಮ್ಮ ಮಾಡಿಕೊಂಡರು. “ಕೌಸಲ್ಯಮ್ಮ ಏನಂದ್ಲು ಇವತ್ತು? ಉಡ್ಗಿ ಪಾಸೋ ಪೇಲೋ?” ಎಂದು ವಿಚಾರಿಸುವರು. ಕೌಸಲ್ಯಮ್ಮನಿಗೆ ಎಲ್ಲ ಗೊತ್ತಿತ್ತು. ಕಾಲರ್ ಕೂರಿಸುವುದು ಮಾತ್ರ ಗೊತ್ತಿರಲಿಲ್ಲ.

ಯುಗಾದಿ ಕಳೆದ ವಾರ ಮ್ಯಾನೇಜರ್ ಸಾಹೇಬರು ದೀಪಶ್ರೀಯನ್ನು ತಮ್ಮ ಗಾಜಿನ ಕೋಣೆಗೆ ಕರೆದರು.

“ಕೌಶಲಕ್ಕೆ ಸಂಬಳದ ಲೆಕ್ಕ ಜೋಡಿಸಬೇಕು ಮೇಡಂ. ಹೇಗಿರಬೇಕು ಅನ್ನೋದನ್ನ ನೀವು ಡಿಸೈನ್ ಮಾಡಿ ಕೊಡಿ, ಬೆಂಗಳೂರಿನವರು ಕೋಡ್ ಬರೀತಾರೆ. ಒಬ್ಬ ಹುಡುಗಿ ಪಾಸಾದ್ರೆ ಅವಳ ಟ್ರೈನರ್ ಸಂಬಳಕ್ಕೆ ಆರ್ನೂರು ರೂಪಾಯಿ ತಾನಾಗೇ ಸೇರ್ಕೋಬೇಕು.”

“ಟ್ರೈನರ್ ಅಂದ್ರೆ ಯಾರು ಸರ್?”

“ಕೌಶಲದಲ್ಲೇ ಇದೆಯಲ್ಲ. ಆಯಾ ಲೈನಿನ ಸೂಪರ್‌ವೈಸರ್.”

ಮೂರನೇ ಲೈನಿನ ಸೂಪರ್‌ವೈಸರ್ ಪುಟ್ಟರಾಜು ಬಹಳ ಶಿಸ್ತಿನ ಮನುಷ್ಯ. ಕೈಯಲ್ಲಿ ಸದಾ ಸ್ಟಾಪ್‌ವಾಚು. ಆದರೆ ಸೂಜಿಗೆ ದಾರ ಪೋಣಿಸುವುದನ್ನು ಆತ ದೂರದಿಂದಷ್ಟೇ ಬಲ್ಲ. ಆ ಲೈನಿನಲ್ಲಿ ಹೊಸಬರಿಗೆ ಕಲಿಸುತ್ತಿದ್ದವಳು ಚಿಕ್ಕರಸಿನಕೆರೆಯ ಚಲುವಮ್ಮ. ನಲವತ್ತೆಂಟರ ಹೆಂಗಸು, ಹದಿನೇಳು ವರ್ಷದಿಂದ ಕಾಲರಿನ ಮೆಷಿನ್ನು ಅವಳದೇ. ಆ ತಿಂಗಳು ಅವಳ ಪಕ್ಕ ಕೂರಿಸಿದ್ದು ಕೊಕ್ಕರೆ ಬೆಳ್ಳೂರಿನ ಅರ್ಪಿತ ಎಂಬ ಹುಡುಗಿಯನ್ನು. ಅರ್ಪಿತ ಅಷ್ಟೊತ್ತಿಗೆ ಹನ್ನೆರಡು ವಿಡಿಯೊ ನೋಡಿ ನೂರಕ್ಕೆ ತೊಂಬತ್ತಾರು ಅಂಕ ಪಡೆದಿದ್ದಳು. ಮೆಷಿನ್ ಮುಂದೆ ಕೂತರೆ ಮಾತ್ರ ಪೆಡಲನ್ನು ಒಂದೇ ಏಟಿಗೆ ಪೂರ್ತಿ ತುಳಿದುಬಿಡುತ್ತಿದ್ದಳು.

“ಆ ಪೋನ್ನಾಗೆ ನೋಡಿದ್ದೆಲ್ಲ ಮರ್ತ್‌ಬುಡವ್ವ,” ಎಂದಿದ್ದಳು ಚಲುವಮ್ಮ. ಮೊದಲು ದಾರವಿಲ್ಲದೆ, ಗೆರೆ ಎಳೆದ ಕಾಗದದ ಮೇಲೆ ಸೂಜಿ ಓಡಿಸಲು ಹಚ್ಚಿದಳು. ಗೆರೆ ತಪ್ಪಿದಾಗ ಬೈಯದೆ ಹುಡುಗಿಯ ಕೈಮೇಲೆ ತನ್ನ ಕೈಯಿಟ್ಟು, ಪಾದದ ಮೇಲೆ ಪಾದವಿಟ್ಟು, ಮೆಷಿನ್ನಿನ ಓಟ ತಗ್ಗಿಸಿದಳು. ಹೀಗೆ ದಿನಕ್ಕೆ ಎರಡು ಗಂಟೆ. ಆ ಎರಡು ಗಂಟೆ ಹೋದರೂ ಅವಳ ಟಾರ್ಗೆಟ್ಟು ಮಾತ್ರ ಅದೇ ನಾನೂರ ಎಂಬತ್ತು ಕಾಲರು. ಕಮ್ಮಿ ಬಿದ್ದರೆ ಎಲ್ಲರೆದುರು ಬೈಗುಳ. ಬೈಯುವವನು, ಇನ್ನು ಮುಂದೆ ಆರ್ನೂರು ರೂಪಾಯಿ ಪಡೆಯಲಿರುವ ಟ್ರೈನರ್ ಪುಟ್ಟರಾಜು.

ದೀಪಶ್ರೀ ಇದನ್ನೆಲ್ಲ ಮ್ಯಾನೇಜರಿಗೆ ಹೇಳಿದಳು. ಆರು ಲೈನಿನಲ್ಲಿ ಆರು ಹೆಂಗಸರು ಹೀಗೇ ಕಲಿಸುತ್ತಿದ್ದಾರೆ, ದುಡ್ಡು ಅವರಿಗೆ ಸೇರಬೇಕು ಎಂದಳು.

ಮ್ಯಾನೇಜರ್ ನಕ್ಕರು. “ಪಕ್ಕದಲ್ಲಿ ಕೂತಿರೋ ಹುಡುಗಿಗೆ ಒಂದು ಮಾತು ಹೇಳ್ಕೊಡೋದು ಹೆಂಗಸರ ಸ್ವಭಾವ ಅಲ್ವಾ ಮೇಡಂ? ಅದಕ್ಕೂ ಕೂಲಿ ಅಂದ್ರೆ ನಾಳೆ ಮನೇಲಿ ಮಗಳಿಗೆ ರಂಗೋಲಿ ಹೇಳ್ಕೊಟ್ಟಿದ್ದಕ್ಕೂ ಬಿಲ್ ಕಳಿಸ್ತಾರೆ. ನನಗೆ ಅಂಕಿಅಂಶ ಬೇಕು. ಒಂದು ತಿಂಗಳು ಪ್ರಯೋಗ ಮಾಡಿ. ಕಲಿಸೋದ್ರಿಂದ ಅವರಿಗೆ ನಷ್ಟ ಆಗ್ತಿದೆ ಅಂತ ಕೌಶಲವೇ ತೋರಿಸಿದ್ರೆ ದುಡ್ಡು ಅವರಿಗೆ. ಇಲ್ಲ ಅಂದ್ರೆ ಇದ್ದ ಹಾಗೇ, ಸೂಪರ್‌ವೈಸರಿಗೆ.”

ದೀಪಶ್ರೀ ಆ ಡಿಸೈನ್ ಮಾಡಿದ್ದು ಕಚೇರಿಯಲ್ಲಲ್ಲ. ಕಚೇರಿಯಲ್ಲಿ ಮಾಡಲು ಕಚೇರಿಯ ಕೆಲಸವಿತ್ತು. ಬೆಳಗ್ಗೆ ಐದಕ್ಕೆದ್ದು, ನೀರು ಹಿಡಿದು, ಹಾಲು ಕಾಯಿಸಿ, ಕುಕ್ಕರು ಮೂರು ಸಲ ಕೂಗುವುದರೊಳಗೆ ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಅದರ ಬೆನ್ನಿಗೆ ಚೌಕಗಳನ್ನು ಬರೆಯುವಳು. ಗಂಡ ಕಿಟ್ಟು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಹೆಂಡತಿಯ ಉದ್ಯೋಗಕ್ಕೆ ಅವನ ಸಂಪೂರ್ಣ ಬೆಂಬಲವಿತ್ತು. ಆ ಬೆಂಬಲವನ್ನು ಅವನು ಮುಖ್ಯವಾಗಿ ಸೋಫಾದ ಮೇಲೆ ಕೂತು ಕೊಡುತ್ತಿದ್ದ. “ದೀಪು, ನೀನು ಕೆಲಸ ಮಾಡ್ಕೋ, ನಾನು ತೊಂದರೆ ಕೊಡಲ್ಲ. ಕಾಫಿ ಆದ್ಮೇಲೆ ಕರಿ,” ಎನ್ನುವನು.

ಅತ್ತೆ ಗೋದಮ್ಮ ಒಂದು ದಿನ ತೊಳೆಯುವ ಪಾತ್ರೆಗಳನ್ನು ತಂದು ಕಟ್ಟೆಯ ಮೇಲಿಟ್ಟು, ಸೊಸೆಯ ಚೌಕಗಳನ್ನು ನೋಡಿದರು. “ಏನೇ ಇದು? ಮನೆ ಕಟ್ಟಿಸೋ ನಕ್ಷೆಯೇ?”

“ಅಲ್ಲಮ್ಮ. ಹುಡುಗಿಯರಿಗೆ ಯಾರು ಕಲಿಸಿದ್ರು ಅಂತ ಬರೆಯೋ ಜಾಗ. ಸೂಪರ್‌ವೈಸರ್ ಕೈಲಿ ಬರೆಸಿದ್ರೆ ಅವನ ಹೆಸರೇ ಬರ್ಕೋತಾನೆ.”

“ಕಲಿಸಿದವರನ್ನ ಯಾಕೆ ಕೇಳ್ತೀಯೆ? ಎಲ್ಲರೂ ನಾನೇ ನಾನೇ ಅಂತಾರೆ. ಕಲಿತವಳನ್ನ ಕೇಳು. ನನ್ನ ಪುಳಿಯೋಗರೆ ತಿಂದವರೆಲ್ಲ ನಿಮ್ಮತ್ತೆ ಕೈರುಚಿ ಅಂತಿದ್ರು. ನಿಜಕ್ಕೂ ಕಲಿಸಿದ್ದು ನಮ್ಮ ಯಜಮಾನರ ಸೋದರತ್ತೆ, ತಲೆ ಬೋಳಿಸ್ಕೊಂಡು ಹಿತ್ತಿಲ ಕೋಣೇಲಿ ಇದ್ದಳು, ಪಾಪ. ನನ್ನನ್ನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.” ಅಷ್ಟು ಹೇಳಿ, ಈಳಿಗೆಮಣೆಯನ್ನೂ ತೊಳೆಯಲು ಮರೆಯಬೇಡವೆಂದು ನೆನಪಿಸಿ ಗೋದಮ್ಮ ದೇವರ ಕೋಣೆಗೆ ಹೋದರು.

ದೀಪಶ್ರೀ ಮೊದಲ ಚೌಕ ಅಳಿಸಿ ಮತ್ತೆ ಬರೆದಳು. ‘ಇಂದು ನಿಮಗೆ ಕಲಿಸಿದವರು ಯಾರು?’ ಕಲಿಯುವ ಹುಡುಗಿಯೇ ಸಂಜೆ ಹೆಸರು ಆರಿಸಿ ಹೆಬ್ಬೆಟ್ಟು ಒತ್ತಬೇಕು. ಎರಡನೆಯ ಚೌಕ, ಎಷ್ಟು ಗಂಟೆ. ಮೂರನೆಯದನ್ನು ಬರೆದಾಗ ಆಕೆಗೆ ತನ್ನ ಬುದ್ಧಿಯ ಬಗ್ಗೆ ಹೆಮ್ಮೆಯೇ ಆಯಿತು. ಕಲಿಸಿದವಳ ಆ ದಿನದ ಟಾರ್ಗೆಟ್ಟಿನಲ್ಲಿ ಎಷ್ಟು ಕೊರತೆ ಬಿತ್ತೋ ಅದನ್ನು, ಬಂಡಲು ಬಂಡಲಿಗೂ ಅವಳು ಮೆಷಿನ್ನಿಗೆ ಒತ್ತುವ ಕಾರ್ಡಿನಿಂದ, ಕೌಶಲ ತಾನೇ ಲೆಕ್ಕ ಹಾಕುತ್ತದೆ. ಕೊರತೆಯೇ ಸಾಕ್ಷಿ. ಮ್ಯಾನೇಜರಿಗೆ ಬೇಕಾದ ಅಂಕಿಅಂಶ ಅದೇ ತಾನೆ?

ಬೆಂಗಳೂರಿನವರು ಹದಿನೈದು ದಿನದಲ್ಲಿ ಅದನ್ನು ಮಾಡಿ ಕಳಿಸಿದರು. ದೀಪಶ್ರೀ ಊಟದ ಹೊತ್ತಿನಲ್ಲಿ ಆರೂ ಲೈನಿನ ಹೆಂಗಸರನ್ನು ಕ್ಯಾಂಟೀನಿನಲ್ಲಿ ಸೇರಿಸಿ ಐದು ನಿಮಿಷ ಮಾತಾಡಿದಳು. ಸುತ್ತೋಲೆಯ ಕನ್ನಡದಲ್ಲಿಯೇ ಹೇಳಿದಳು: “ಇನ್ನು ಮುಂದೆ ಕಲಿಸುವವರ ಕೊರತೆ ಪ್ರತಿದಿನ ದಾಖಲಾಗುತ್ತದೆ.” ಹೆಂಗಸರು ಮುದ್ದೆ ಮುರಿಯುತ್ತ ತಲೆಯಾಡಿಸಿದರು. ಎಲ್ಲರಿಗೂ ಅರ್ಥವಾಯಿತೆಂದು ದೀಪಶ್ರೀಗೆ ಸಮಾಧಾನವಾಯಿತು.

ಒಂದು ತಿಂಗಳು, ಇಪ್ಪತ್ತಾರು ಕೆಲಸದ ದಿನ. ಹುಡುಗಿಯರು ಸಂಜೆ ಸಂಜೆ ಹೆಬ್ಬೆಟ್ಟು ಒತ್ತಿದರು. ಅರ್ಪಿತ ಇಪ್ಪತ್ತಾರು ದಿನವೂ ಚಲುವಮ್ಮನ ಹೆಸರನ್ನೇ ಆರಿಸಿದ್ದಳು, ದಿನಕ್ಕೆರಡು ಗಂಟೆ. ಕೊನೆಯ ದಿನ, ಗುರುವಾರ, ದೀಪಶ್ರೀ ವರದಿ ತೆರೆದಳು. ಕೊರತೆಯ ಕಾಲಮ್ಮಿನಲ್ಲಿ ಚಲುವಮ್ಮನ ಎದುರು ಸೊನ್ನೆ. ಅದರ ಕೆಳಗೂ ಸೊನ್ನೆ. ಆರು ಹೆಂಗಸರಿಗೂ ಇಪ್ಪತ್ತಾರು ದಿನವೂ ಸೊನ್ನೆ, ರಂಗೋಲಿಯ ಚುಕ್ಕಿ ಇಟ್ಟಂತೆ.

ಮ್ಯಾನೇಜರಿಗೆ ಸಂತೋಷ ತಡೆಯಲಾಗಲಿಲ್ಲ. “ನೋಡಿದ್ರಾ ಮೇಡಂ? ಕಲಿಸೋದಕ್ಕೆ ಖರ್ಚೇ ಇಲ್ಲ! ಬೆಂಗಳೂರಿಗೆ ಇದನ್ನ ತೋರಿಸ್ಲೇಬೇಕು. ಎರಡು ಗಂಟೆ ಕಲಿಸಿದ್ರೂ ಉತ್ಪಾದನೆ ಒಂದು ಪೀಸೂ ಕಮ್ಮಿಯಾಗಿಲ್ಲ. ಶನಿವಾರ ಮೀಟಿಂಗಿನಲ್ಲಿ ಸಹಿ ಮಾಡ್ಬಿಡೋಣ. ಟ್ರೈನರ್ ಅಂದ್ರೆ ಸೂಪರ್‌ವೈಸರ್, ಮುಗೀತು.”

ಮರುದಿನ ಸಂಜೆ ದೀಪಶ್ರೀ ಕಂಪನಿಯ ಬಸ್ಸು ಹತ್ತಿದಳು. ಚಿಕ್ಕರಸಿನಕೆರೆಯವರನ್ನು ಇಳಿಸಿ ಮಳವಳ್ಳಿಗೆ ಹೋಗುವ ಬಸ್ಸು. ಚಲುವಮ್ಮನ ಮುಂದಿನ ಸೀಟಿನಲ್ಲಿ ಕೂತು ಹಿಂದಕ್ಕೆ ತಿರುಗಿದಳು.

“ಚಲುವಮ್ಮ, ನಿಜ ಹೇಳಿ. ದಿನಾ ಎರಡು ಗಂಟೆ ಕಲಿಸಿದ್ದೀರಿ. ಮತ್ತೆ ನಾನೂರ ಎಂಬತ್ತು ಹೇಗೆ ಬಂತು?”

ಚಲುವಮ್ಮ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡತೊಡಗಿದಳು. ಪಕ್ಕದಲ್ಲಿದ್ದ ಚಿಕ್ಕಬೋರಮ್ಮನಿಗೆ ಬಾಯಿ ತಡೆಯಲಿಲ್ಲ. ಅವಳೂ ಅದೇ ಲೈನಿನವಳು.

“ನಾವ್ ಒಲ್ದಾಕಿದ್ದು ಕಣಮ್ಮ. ಊಟದೊತ್ನಾಗೆ. ಐದ್ ಜನ, ಒಬ್ಬೊಬ್ರು ಒಂದೊಂದ್ ಬಂಡ್ಲು. ಚಲುವಕ್ಕನ ಕಾರ್ಡು ಒತ್ತಿ ಒಲೆಯಾದು. ಬಂಡ್ಲಿಗೆ ಇಪ್ಪತ್ತು, ಐದಕ್ಕೆ ನೂರಾಯ್ತಲ್ಲ. ಅಕ್ಕಂಗೆ ಕಮ್ಮಿ ಬೀಳ್ತಿದ್ದುದೂ ಅಷ್ಟೇಯ.”

“ಯಾಕೆ ಹೀಗ್ ಮಾಡಿದ್ರಿ?”

“ಯಾಕಂದ್ರೆ! ನೀವೇ ಯೋಳುದ್ರಲ್ಲ, ಕೊರ್ತೆ ಬಿದ್ರೆ ದಿನಾಲೂ ಬರ್ಕೋತಾಳೆ ಕೌಸಲ್ಯಮ್ಮ ಅಂತ. ಅದಿನೇಳ್ ವರ್ಸದಿಂದ ಅಕ್ಕನ್ ಎಸ್ರಿಗೆ ಒಂದ್ ಕಪ್ಪು ಇಲ್ಲ. ನಿಮ್ ಕೌಸಲ್ಯಮ್ಮನ ಕೈಲಿ ಬಳುಸ್ಬುಡದಾ? ನಾವೈದು ಜನಕ್ಕೂ ಕಾಲರ್ ಕಲ್ಸಿರೋಳು ಅವ್ಳೇಯ.”

“ಅಯ್ಯೋ ರಾಮ! ಕೊರತೆ ಬಿದ್ದಿದ್ರೇ ನಿಮಗೆ ದುಡ್ಡು ಬರ್ತಿತ್ತು ಕಣ್ರಮ್ಮ!”

ಹಿಂದಿನ ಸೀಟಿನಿಂದ ಅದೇ ಲೈನಿನ ದೇವಿರಮ್ಮ ಕತ್ತು ಚಾಚಿದಳು. “ಏನಂದ್ರಿ? ಗೇಮೆ ಕಮ್ಮಿ ಮಾಡುದ್ರೆ ಕಾಸ್ ಕೊಡ್ತಾರಾ? ಓ, ಪುಟ್ರಾಜುಗೆ ಅಷ್ಟ್ ಸಂಬ್ಳ ಅದುಕ್ಕೇನಾ!”

ಡ್ರೈವರೂ ನಕ್ಕ. ದೀಪಶ್ರೀಗೆ ಮಾತ್ರ ನಗು ಬರಲಿಲ್ಲ.

“ಆರೂ ಲೈನಿನಲ್ಲಿ ಹೀಗೇ ಮಾಡಿದ್ರಾ? ಯಾರು ಹೇಳಿದ್ದು ನಿಮಗೆ?”

“ಅದುಕ್ಕೇನ್ ಯೋಳೋದು?” ಎಂದಳು ಚಿಕ್ಕಬೋರಮ್ಮ. “ನಾಟಿ ಕಾಲ್ದಾಗೆ ಮುಯ್ಯಾಳು ಓಗಕಿಲ್ವಾ? ಇವತ್ತು ಅವ್ರ ಗದ್ದೆಗೆ ನಾವು, ನಾಳೆ ನಮ್ ಗದ್ದೆಗೆ ಅವ್ರು. ಕೂಲಿಯೂ ಇಲ್ಲ ಗೀಲಿಯೂ ಇಲ್ಲ. ಅಂಗೇ ಇದೂವೆ. ನೀವು ಪ್ಯಾಟೆಯೋರು, ಗದ್ದೆ ಗೊತ್ತಿಲ್ಲ, ಬುಡಿ.”

ಗದ್ದೆ ಗೊತ್ತಿಲ್ಲದ ದೀಪಶ್ರೀ ಫೋನ್ ತೆಗೆದಳು. “ಯಾರ್ಯಾರು ಎಷ್ಟೆಷ್ಟು ಹೊಲಿದ್ರಿ, ನೆನಪಿದೆಯಾ?”

ಅದು ಕೇಳಬಾರದ ಪ್ರಶ್ನೆಯಾಗಿತ್ತು. ಚಿಕ್ಕಬೋರಮ್ಮ ಬೆರಳು ಮಡಚುತ್ತ ಶುರುಮಾಡಿದಳು. ತಾನು ಇಪ್ಪತ್ನಾಲ್ಕು ದಿನ, ಎರಡು ದಿನ ತಲೆನೋವೆಂದು ಕೂತಿದ್ದಾಗ ತನ್ನ ಪಾಲಿನದನ್ನು ದೇವಿರಮ್ಮ ಹೊಲಿದಿದ್ದಳು, ಆ ಎರಡನ್ನು ಮುಂದಿನ ಸೋಮವಾರ ತೀರಿಸಿದ್ದಾಯಿತು. ಒಬ್ಬಳು ಲೆಕ್ಕ ತಪ್ಪಿದರೆ ಇನ್ನೊಬ್ಬಳು ತಿದ್ದುತ್ತಿದ್ದಳು. ಒಂದು ಚೀಟಿಯಿಲ್ಲ, ಒಂದು ಹೆಬ್ಬೆಟ್ಟಿಲ್ಲ. ಬೆಂಗಳೂರಿನವರು ಹದಿನೈದು ದಿನ ಕೂತು ಮಾಡಿದ್ದಕ್ಕಿಂತ ಸರಿಯಾದ ಲೆಕ್ಕ ಬಸ್ಸಿನ ಮೂರು ಸೀಟುಗಳಲ್ಲಿ ಅಷ್ಟು ದಿನದಿಂದ ಕೂತು ಹೋಗಿಬಂದು ಮಾಡುತ್ತಿತ್ತು.

ಬರೆದುಕೊಂಡ ಮೇಲೆ ದೀಪಶ್ರೀ ಮೆಲ್ಲಗೆ ಹೇಳಿದಳು. “ಒಂದು ಮಾತು. ಇನ್ನೊಬ್ಬರ ಕಾರ್ಡ್ ಒತ್ತೋದು ಬೋಗಸ್ ಎಂಟ್ರಿ. ಇದನ್ನ ನಾಳೆ ಮೀಟಿಂಗಲ್ಲಿ ಹೇಳಿದ್ರೆ ನಿಮಗೆಲ್ಲ ಮೆಮೊ ಬರಬಹುದು. ಮೂರು ಮೆಮೊ ಬಂದ್ರೆ ಕೆಲಸ ಹೋಗತ್ತೆ. ಹೇಳದೆ ಇದ್ರೆ ದುಡ್ಡು ಪುಟ್ಟರಾಜುಗೆ, ಯಾವಾಗಲೂ. ನೀವು ಹೇಳಿ, ನಾನು ಹಾಗೆ ಮಾಡ್ತೀನಿ.”

ಚಿಕ್ಕರಸಿನಕೆರೆ ಬಂತು. ಚಲುವಮ್ಮ ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

“ಅರ್ಪಿತಂಗೆ ಕಾಲರ್ ತುದಿ ಇನ್ನೂ ಸೊಟ್ಟ ಬತ್ತದೆ. ಇನ್ನೊಂದ್ ವಾರ ಬೇಕು ಅವ್ಳ್ಗೆ,” ಎಂದಳು, ಯಾರಿಗೋ ಎಂಬಂತೆ. ಆಮೇಲೆ ದೀಪಶ್ರೀಯನ್ನು ನೋಡಿದಳು. “ಯೋಳಿ ದೀಪಮ್ಮ. ಕರುದ್ರೆ ನಾನೂ ಬತ್ತೀನಿ.”

ಶನಿವಾರ ಗಾಜಿನ ಕೋಣೆಯಲ್ಲಿ ಮ್ಯಾನೇಜರ್, ಪುಟ್ಟರಾಜು, ದೀಪಶ್ರೀ. ದೀಪಶ್ರೀ ಎಲ್ಲವನ್ನೂ ಹೇಳಿದಳು. ಕೊರತೆ ಇತ್ತು, ಅದನ್ನು ಬೇರೆ ಹೆಂಗಸರು ತುಂಬಿದ್ದಾರೆ ಎಂದಳು. ಪುಟ್ಟರಾಜುವಿನ ಮುಖ ಕೆಂಪಾಯಿತು, ಮ್ಯಾನೇಜರ್ ಮೇಜು ಗುದ್ದಿದರು. ಚಲುವಮ್ಮನಿಗೆ ಕರೆ ಹೋಯಿತು.

“ಏನಮ್ಮ, ಇಪ್ಪತ್ತಾರು ದಿನ ಬೋಗಸ್ ಮಾಡ್ಸಿದೀಯ? ಎಲ್ಲರಿಗೂ ಮೆಮೊ ಕೊಡ್ತೀನಿ.”

“ಕೊಡಿ ಸಾ,” ಎಂದಳು ಚಲುವಮ್ಮ. ಸೆರಗಿನಲ್ಲಿ ಅಂಟಿದ್ದ ದಾರದ ಎಳೆ ಕಿತ್ತಳು. “ಮೆಮೋನಾಗೆ ಯಾತುಕ್ಕೆ ಅಂತ ಬರೀಬೇಕಲ್ವಾ? ‘ಇವ್ಳು ದಿನಾ ಎಲ್ಡ್ ಗಂಟೆ ಉಡ್ಗಿಗೆ ಕಲಿಸ್ತಾ ಇದ್ಲು, ಅದುಕ್ಕೆ ಬ್ಯಾರೆಯೋರು ಒಲುದ್ರು’ ಅಂತ ಬರೀರಿ. ಕನ್ನಡ್ದಾಗೇ ಬರೀರಿ, ನಾನೂ ಓದ್ಕತೀನಿ. ಅದಿನೇಳ್ ವರ್ಸಕ್ಕೆ ಇವತ್ತಾದ್ರೂ ಒಂದ್ ಕಾಗ್ದದ ಮ್ಯಾಲೆ ಬರ್ಲಿ, ನಾನ್ ಕಲಿಸ್ದೆ ಅಂತ.”

“ಲೇ ಚಲುವಿ, ಸಾಯೇಬ್ರ ಮುಂದೆ ಇಂಗಾ ಮಾತಾಡಾದು?” ಎಂದ ಪುಟ್ಟರಾಜು.

“ನೀನ್ ಸುಮ್ಕಿರಪ್ಪ. ನೀನು ಟ್ರೈನರು. ಇಲ್ಲೇ ಒಂದ್ ಸೂಜಿ ಅದೆ, ದಾರ ಪೋಣುಸ್ತೀಯಾ?”

ದೀಪಶ್ರೀ ಆಗಲೇ ಲ್ಯಾಪ್‌ಟಾಪ್ ತೆರೆದು ಮೆಮೊದ ಕರಡು ಬರೆಯತೊಡಗಿದ್ದಳು. ವಿನಯದಿಂದ ಕೇಳಿದಳು. “ಸರ್, ಬೋಗಸ್ ಎಂಟ್ರಿಯ ಸಮಯ ನಮೂದಿಸಬೇಕಲ್ಲ. ಕೌಶಲದಲ್ಲಿ ಇದೆ. ಒಂದು ಹದಿನೈದರಿಂದ ಒಂದು ಮೂವತ್ತೈದು.”

“ಹಾಕಿ.” ಮ್ಯಾನೇಜರ್ ಗೋಡೆಯ ಗಡಿಯಾರ ನೋಡಿದರು. “ಅದು ಊಟದ ಸಮಯ ಅಲ್ವಾ?”

“ಹೌದು ಸರ್. ಇಪ್ಪತ್ತಾರು ದಿನ, ಆರು ಲೈನು. ಊಟದ ಹೊತ್ತಲ್ಲಿ ಮೆಷಿನ್ ಓಡಿದೆ. ಮೆಮೊ ಪ್ರತಿ ಫೈಲಿಗೆ ಹೋಗತ್ತೆ, ಮುಂದಿನ ತಿಂಗಳು ಆಡಿಟ್‌ನವರು ಫೈಲ್ ನೋಡ್ತಾರೆ.”

ಷರ್ಟು ಕೊಳ್ಳುವ ಹೊರದೇಶದ ಕಂಪನಿ ವರ್ಷಕ್ಕೆರಡು ಸಲ ಆಡಿಟ್ ಕಳಿಸುತ್ತಿತ್ತು. ಊಟದ ಹೊತ್ತಿನಲ್ಲಿ ಕೆಲಸ ಮಾಡಿಸಿದ್ದು ಕಂಡರೆ ಆರ್ಡರೇ ರದ್ದು. ಮ್ಯಾನೇಜರ್ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು. ಆಮೇಲೆ ಅವರಿಗೆ ಹೆಂಗಸರ ಶ್ರಮದ ಬಗ್ಗೆ ಮೊದಲಿನಿಂದಲೂ ಇದ್ದ ಅಪಾರ ಗೌರವ ನೆನಪಾಯಿತು.

ಡಿಸೈನ್ ಬದಲಾಯಿತು. ಕೊರತೆಯ ಕಾಲಂ ಹೋಯಿತು. ಕಲಿಸುವ ಗಂಟೆಗಳಿಗೆ ಟಾರ್ಗೆಟ್ ಇಲ್ಲ, ಕಲಿತ ಹುಡುಗಿ ಹೆಬ್ಬೆಟ್ಟು ಒತ್ತಿದರೆ ಗಂಟೆಯ ಲೆಕ್ಕದಲ್ಲಿ ಕಲಿಸಿದವಳ ಸಂಬಳಕ್ಕೆ ಹಣ. ದೀಪಶ್ರೀ ಗಂಟೆಗೆ ಇಪ್ಪತ್ತೈದು ಕೇಳಿದ್ದಳು, ಹದಿನೈದು ಮಂಜೂರಾಯಿತು. ಪ್ರಯೋಗದ ತಿಂಗಳಿನ ಗಂಟೆಗಳಿಗೂ ಕೊಡುವುದೆಂದಾಯಿತು. ಪುಟ್ಟರಾಜುವಿಗೆ ಹುಡುಗಿಯೊಬ್ಬಳಿಗೆ ಇನ್ನೂರರಂತೆ ‘ಮೇಲ್ವಿಚಾರಣೆ ಭತ್ಯೆ’. ಕಲಿಸುವುದನ್ನು ನೋಡಿಕೊಳ್ಳುವವರೂ ಒಬ್ಬರು ಬೇಕಲ್ಲ! ಮೆಮೊದ ಕರಡನ್ನು ಮ್ಯಾನೇಜರ್ ಖುದ್ದಾಗಿ ನಿಂತು ಅಳಿಸಿಸಿದರು.

ಸಂಬಳದ ದಿನ ಸಂಜೆ ಚಲುವಮ್ಮ ಬಸ್ಸಿನಲ್ಲಿ ಚೀಟಿ ಬಿಡಿಸಿದಳು. ಅಕ್ಷರಕ್ಕಕ್ಷರ ಕೂಡಿಸಿ ಓದಿದಳು. “ಕಲಿಸಿದ ಕೂಲಿ, ಐವತ್ತೆರಡ್ ಗಂಟೆ, ಏಳ್ನೂರ ಎಂಬತ್ತು.” ಚೀಟಿ ಸೀಟಿನಿಂದ ಸೀಟಿಗೆ ಹೋಯಿತು. ದೇವಿರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ನೋಟಿನ ಅಸಲಿತನ ನೋಡುವಂತೆ.

ದೀಪಶ್ರೀ ಒಂದು ಕಾಗದ ತೆಗೆದಳು. “ನೋಡಿ, ಮುಂದಿನದು ಇದು. ನಿಮ್ಮ ಪರವಾಗಿ ಹೊಲಿದವರಿಗೂ ಒಂದು ಕಾಲಂ. ‘ಸಹಕರಿಸಿದವರು’ ಅಂತ. ಚಿಕ್ಕಬೋರಮ್ಮ, ದೇವಿರಮ್ಮ, ಎಲ್ಲರಿಗೂ ಬರಬೇಕು.”

ಚಲುವಮ್ಮ ಕಾಗದ ನೋಡಿ ತಲೆಯಾಡಿಸಿದಳು. “ಇದ್ನ ಬ್ಯಾಡ ದೀಪಮ್ಮ. ಒಡುದಾಕಿ.”

“ಯಾಕೆ? ಅವರ ದುಡಿಮೆ ಅಲ್ವಾ?”

“ಕಲ್ಸಾದು ಕಂಪ್ನಿ ಗೇಮೆ, ಕಂಪ್ನಿ ಕಾಸ್ ಕೊಡ್ಲಿ. ಇದು ನಮ್ದು. ನಾಳೆ ಬೋರಿ ಮಗ್ಳಿಗೆ ಉಸಾರಿಲ್ಲ ಅಂದ್ರೆ ಅವ್ಳ ಬಂಡ್ಲು ನಾವು ಒಲ್ದಾಕ್ತೀವಿ, ಎಂಗೋ. ಅದೂ ಕೌಸಲ್ಯಮ್ಮನ ಕಿವಿಗ್ ಬಿದ್ರೆ ಏನಾಯ್ತದೆ? ಐದ್ ಜನ ಇಪ್ಪತ್ ನಿಮಿಸ್ದಾಗೆ ನೂರ್ ಕಾಲರ್ ಒಲಿತಾರೆ ಅಂತ ಟಾರ್ಗೆಟ್ ಏರುಸ್ತಾಳೆ. ಅವ್ಳ್ಗೆ ಎಲ್ಲಾನೂ ಯೋಳ್ಬಾರ್ದು ಕಣಮ್ಮ.”

ದೀಪಶ್ರೀ ಪೆನ್ನು ತೆಗೆದು ಆ ಕಾಲಮ್ಮಿನ ಮೇಲೆ ಅಡ್ಡಗೆರೆ ಎಳೆದಳು.

“ಅದಿರ್ಲಿ ಮೇಡಮ್ಮು,” ಚಿಕ್ಕಬೋರಮ್ಮ ಮುಂದಕ್ಕೆ ಬಾಗಿದಳು. “ಇಷ್ಟೆಲ್ಲ ಡಿಜೈನ್ ಮಾಡುದ್ರಲ್ಲ, ನಿಮ್ಗೆಷ್ಟ್ ಕೊಟ್ರು?”

“ಶಭಾಷ್ ಅಂದ್ರು.”

“ಸಭಾಸಾ? ಅದ್ನ ಯಾವ ಅಂಗ್ಡಿಲಿ ಈಸ್ಕೋತಾರೆ?”

“ಎಷ್ಟ್ ಗಂಟೆ ಆಯ್ತು ಮಾಡಕ್ಕೆ?” ಎಂದಳು ಚಲುವಮ್ಮ.

“ಗೊತ್ತಿಲ್ಲ ಚಲುವಮ್ಮ,” ಎಂದಳು ದೀಪಶ್ರೀ. ಲೆಕ್ಕ ಇಟ್ಟಿರಲಿಲ್ಲ.

“ಸರೋಯ್ತು,” ಎಂದ ಚಲುವಮ್ಮ ತನ್ನ ಚೀಟಿ ವಾಪಸು ಪಡೆದು ನಾಲ್ಕು ಮಡಿಕೆ ಮಾಡಿದಳು. “ಕುಂತ್ಕಂಡು ಬರ್ಕಳಿ ಮತ್ತೆ. ಮೊದುಲ್ನೇ ದಿನದಿಂದ.”

ದೀಪಶ್ರೀ ಕಾಗದ ಮಗುಚಿದಳು. ‘ಏಪ್ರಿಲ್ ಮೂರು, ಬೆಳಗ್ಗೆ ಐದೂವರೆ, ಅಡುಗೆಮನೆ,’ ಎಂದು ಬರೆಯುವಷ್ಟರಲ್ಲಿ ಬಸ್ಸು ರಸ್ತೆ ಉಬ್ಬು ಹತ್ತಿಳಿದು ಅಕ್ಷರ ಸೊಟ್ಟವಾಯಿತು. ಚಿಕ್ಕಬೋರಮ್ಮ ಅವಳ ಬ್ಯಾಗು ಈಸಿಕೊಂಡು, ಕಾಗದದ ಕೆಳಗೆ ಇಟ್ಟುಕೊಂಡು ಬರೆಯಲೆಂದು ತನ್ನ ಊಟದ ಡಬ್ಬಿ ಕೊಟ್ಟಳು.